ಕೂಲಿ ಯಾರ ಕೈಗೆ ಬಂತು?

ಪ್ರಶ್ನೆ: ನಾನು ಮೂಲ್ಕಿ ಕಡೆಯವಳು. ಬಿ.ಎ. ಎರಡನೇ ವರ್ಷ. ನಮ್ಮ ಪಠ್ಯದಲ್ಲಿ ಇಂಗ್ಲೆಂಡಿನ ಕೈಗಾರಿಕಾ ಕ್ರಾಂತಿ ಇದೆ. ಉಗಿಯಂತ್ರ, ಹತ್ತಿ ಗಿರಣಿ, ಹೊಗೆ ತುಂಬಿದ ಪಟ್ಟಣ, ಗಿರಣಿಯಲ್ಲಿ ದುಡಿಯುವ ಮಕ್ಕಳು. ಓದುವಾಗ ಒಂದು ಸಂಶಯ ಬಂತು. ನಮ್ಮ ಮಂಗಳೂರು, ಉಡುಪಿಯಲ್ಲೂ ಹೀಗೇ ಆಗಿತ್ತಾ? ನನ್ನ ಮುತ್ತಜ್ಜ ಮಂಗಳೂರಿನ ಜೆಪ್ಪುವಿನ ಹಂಚಿನ ಕಾರ್ಖಾನೆಯಲ್ಲಿದ್ದರಂತೆ. ಅಜ್ಜಿ ನಲವತ್ತು ವರ್ಷ ಬೀಡಿ ಕಟ್ಟಿದರು. ಅಜ್ಜಿಯ ಕೆಲಸವನ್ನು ಕೈಗಾರಿಕೆ ಅಂತ ಪ್ರಾಜೆಕ್ಟಿನಲ್ಲಿ ಬರೆಯಬಹುದಾ?

ಉತ್ತರ: ಖಂಡಿತ ಬರೆಯಿರಿ. ಮುತ್ತಜ್ಜನ ಕೆಲಸ ಎಷ್ಟು ಕೈಗಾರಿಕೆಯೋ ಅಜ್ಜಿಯ ಕೆಲಸವೂ ಅಷ್ಟೇ ಕೈಗಾರಿಕೆ. ನನ್ನನ್ನು ಕೇಳಿದರೆ, ಕರಾವಳಿಯ ಮನೆಗಳನ್ನು ಅಜ್ಜಿಯ ಕೆಲಸವೇ ಜಾಸ್ತಿ ಬದಲಾಯಿಸಿತು. ಯಾಕೆ ಅಂತ ಹೇಳುತ್ತೇನೆ. ಸ್ವಲ್ಪ ಉದ್ದವಾಗುತ್ತದೆ.

ಪಠ್ಯಪುಸ್ತಕಗಳು ಯಾವಾಗಲೂ ಯಂತ್ರದಿಂದ ಶುರು ಮಾಡುತ್ತವೆ. ನಮ್ಮ ಊರಿಗೆ ಆ ಲೆಕ್ಕ ಸರಿ ಹೋಗುವುದಿಲ್ಲ. ಜೆಪ್ಪುವಿನಲ್ಲಿ ಮೊದಲ ಹಂಚಿನ ಕಾರ್ಖಾನೆ ಶುರುವಾದಾಗ ಅಲ್ಲಿ ಮಣ್ಣು ಅರೆಯುತ್ತಿದ್ದದ್ದು ಒಂದು ಜೋಡಿ ಎತ್ತು. ಬೀಡಿಗೆ ಇವತ್ತಿಗೂ ಒಂದು ಕತ್ತರಿ, ಒಂದು ತಡ್ಪೆ (ಮೊರ) ಸಾಕು. ಆದ್ದರಿಂದ ನಾನು ಬೇರೆ ಎರಡು ಪ್ರಶ್ನೆಗಳಿಂದ ಶುರು ಮಾಡುತ್ತೇನೆ. ದುಡಿದದ್ದಕ್ಕೆ ಏನು ಸಿಗುತ್ತಿತ್ತು? ಅದು ಯಾರ ಕೈಗೆ ಬರುತ್ತಿತ್ತು? ಇವೆರಡಕ್ಕೆ ಉತ್ತರ ಹುಡುಕುತ್ತಾ ಹೋದರೆ ಮದುವೆ, ಜಾತಿ, ಶಾಲೆ, ಅಡುಗೆಮನೆ ಎಲ್ಲ ಅದರ ಹಿಂದೆಯೇ ಬರುತ್ತವೆ.

ಕಾರ್ಖಾನೆಗೆ ಮುಂಚೆ ನಮ್ಮಲ್ಲಿ ದುಡಿಮೆ ಹೇಗಿತ್ತು? ಗದ್ದೆ ಗುತ್ತಿನವರದ್ದು (ಊರಿನ ಜಮೀನು ಮನೆತನದವರದ್ದು), ದೇವಸ್ಥಾನದ್ದು ಅಥವಾ ಮಠದ್ದು. ಸಾಗುವಳಿ ಒಕ್ಕಲಿನವರದ್ದು. ಗೇಣಿ ಮುಡಿ ಅಕ್ಕಿಯ (ಬೈಹುಲ್ಲಿನಲ್ಲಿ ಕಟ್ಟಿದ ಅಕ್ಕಿ ಮೂಟೆಯ) ಲೆಕ್ಕದಲ್ಲಿ. ಒಕ್ಕಲಿನವರಿಗಿಂತ ಕೆಳಗೆ ಮೂಲದಾಳುಗಳು. ಅವರು ಒಂದು ಮನೆಗೆ, ಒಂದು ಜಾಗಕ್ಕೆ ಕಟ್ಟುಬಿದ್ದವರು. ಅವರ ಮಕ್ಕಳೂ ಹಾಗೆಯೇ. ಕೂಲಿ ಅಂದರೆ ಸೇರು ಲೆಕ್ಕದ ಭತ್ತ ಅಥವಾ ಅಕ್ಕಿ, ಮಧ್ಯಾಹ್ನದ ಗಂಜಿ, ಹಬ್ಬಕ್ಕೆ ಒಂದು ಬಟ್ಟೆ, ಒಂದು ತೆಂಗಿನಕಾಯಿ. ದುಡ್ಡು ಕಣ್ಣಿಗೆ ಬೀಳುವುದೇ ಅಪರೂಪ.

ಕೆಲಸಕ್ಕೆ ಗಂಟೆ ಇರಲಿಲ್ಲ, ಋತು ಇತ್ತು. ಏಣಿಲು, ಸುಗ್ಗಿ, ಕೊಳಕೆ ಅಂತ ಮೂರು ಬೆಳೆ. ನೇಜಿ (ಭತ್ತದ ಸಸಿ) ನೆಡುವ ದಿನಗಳಲ್ಲಿ ಬೆಳಿಗ್ಗೆಯಿಂದ ಕತ್ತಲಾಗುವ ತನಕ ಬೆನ್ನು ಬಗ್ಗಿಸಿ ದುಡಿಯಬೇಕು. ಹೆಂಗಸರು ಓಬೇಲೆ ಎಂಬ ನಾಟಿ ಹಾಡು ಹಾಡುತ್ತಾ ನೆಡುತ್ತಿದ್ದರು. ಆಮೇಲೆ ಆಟಿ ತಿಂಗಳು (ಜುಲೈ-ಆಗಸ್ಟ್). ಜಡಿಮಳೆ, ಕೆಲಸ ಇಲ್ಲ, ಕಣಜ ಖಾಲಿ. ತಜಂಕು ಸೊಪ್ಪು, ಕೆಸುವು, ಕಣಿಲೆ (ಎಳೆ ಬಿದಿರು), ಹಲಸಿನ ಬೀಜ ತಿಂದು ದಿನ ದೂಡುವುದು. ಈಗ ಆಟಿಡೊಂಜಿ ದಿನ (ಆಟಿಯಲ್ಲೊಂದು ದಿನ) ಅಂತ ಸಭಾಭವನಗಳಲ್ಲಿ ಅವೇ ತಿನಿಸುಗಳನ್ನು ಬಡಿಸುತ್ತಾರೆ. ನನಗೂ ಅವು ಇಷ್ಟ. ಆದರೆ ಅದು ಹಸಿವಿನ ಊಟವಾಗಿತ್ತು ಅನ್ನುವುದನ್ನು ಮರೆಯಬಾರದು.

ಇದನ್ನು ಯಾಕೆ ಹೇಳಿದೆ ಅಂದರೆ, ಆ ಕಾಲವನ್ನು ಹಸಿರು ಗದ್ದೆ, ನೆಮ್ಮದಿಯ ಬದುಕು ಅಂತ ಬಣ್ಣಿಸುವವರು ಬಹಳ ಜನ ಇದ್ದಾರೆ. ಮೂಲದಾಳಿನ ಮನೆಯವರಿಗೆ ಅದು ನೆಮ್ಮದಿಯ ಬದುಕಾಗಿರಲಿಲ್ಲ. ಧಣಿಯ ಮನೆಯಿಂದ ಗಂಜಿ ಬರುತ್ತಿತ್ತು ನಿಜ. ಆದರೆ ಧಣಿಯ ಅಪ್ಪಣೆ ಇಲ್ಲದೆ ಊರು ಬಿಡುವ ಹಾಗಿರಲಿಲ್ಲ.

ಈಗ ಹಂಚಿನ ಕಾರ್ಖಾನೆಗೆ ಬರೋಣ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್ ಮಂಗಳೂರಿಗೆ ಬಂದದ್ದು 1834ರಲ್ಲಿ. ಬಂದದ್ದು ಧರ್ಮ ಪ್ರಚಾರಕ್ಕೆ, ಕಾರ್ಖಾನೆ ಕಟ್ಟುವುದಕ್ಕಲ್ಲ. ಆದರೆ ಸ್ವಲ್ಪ ಸಮಯದಲ್ಲೇ ಅವರಿಗೆ ಒಂದು ದೊಡ್ಡ ತೊಂದರೆ ಎದುರಾಯಿತು. ಕ್ರೈಸ್ತರಾದವರಲ್ಲಿ ಬಿಲ್ಲವರು ತುಂಬ ಜನ. ಅವರ ಶೇಂದಿ ಇಳಿಸುವ ಕೆಲಸವನ್ನು ಮಿಶನ್ ಒಪ್ಪುತ್ತಿರಲಿಲ್ಲ. ಅದನ್ನು ಬಿಡಬೇಕಾಯಿತು. ಗೇಣಿ ಗದ್ದೆಯಿಂದ ಧಣಿಗಳು ಎಬ್ಬಿಸಿದರು. ಕುಟುಂಬದ ಮನೆ ಬಾಗಿಲು ಮುಚ್ಚಿತು. ಜಾತಿ ಬಿಟ್ಟವನಿಗೆ ಕೆಲಸವೂ ಹೋಯಿತು, ಯಾಕೆಂದರೆ ಆಗ ಜಾತಿ ಮತ್ತು ಕೆಲಸ ಒಂದೇ ಹಗ್ಗದ ಎರಡು ಎಳೆಗಳಾಗಿದ್ದವು. ಹೊಸ ಕೆಲಸ ಹುಟ್ಟಿಸದೆ ಬೇರೆ ದಾರಿ ಇರಲಿಲ್ಲ.

ಮೊದಲು ಅಚ್ಚುಕೂಟ, ಪುಸ್ತಕ ಕಟ್ಟುವ ಕೆಲಸ. 1843ರಲ್ಲಿ ಹರ್ಮನ್ ಮೊಗ್ಲಿಂಗ್ ಹೊರತಂದ ‘ಮಂಗಳೂರ ಸಮಾಚಾರ’ ಈ ಅಚ್ಚುಕೂಟದ್ದೇ. 1851ರ ಹೊತ್ತಿಗೆ ಜಾನ್ ಹಾಲರ್ ನೇಯ್ಗೆ ಕೆಲಸವನ್ನು ಎತ್ತಿ ನಿಲ್ಲಿಸಿದರು. ಖಾಕಿ ಬಣ್ಣ ಅವರ ಕೈಯಲ್ಲಿ, ನಮ್ಮ ಬಲ್ಮಠದಲ್ಲಿ ಹುಟ್ಟಿತು ಅಂತ ಮಂಗಳೂರಿನವರು ಹೆಮ್ಮೆಯಿಂದ ಹೇಳುತ್ತಾರೆ. ಆದರೆ ಸಾವಿರಾರು ಜನರಿಗೆ ಅನ್ನ ಕೊಟ್ಟದ್ದು ಹಂಚು. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ, ನೇತ್ರಾವತಿಯ ದಡದಲ್ಲಿ, ಹಂಚಿನ ಕೆಲಸ ಶುರು ಮಾಡಿದರು. ಆಗ ದಿನಕ್ಕೆ 360 ಹಂಚು. 1880ರ ದಶಕದಲ್ಲಿ ಉಗಿಯಂತ್ರ ಬಂತು. ಕುದ್ರೋಳಿ, ಮಲ್ಪೆ, ಆಚೆ ಕಲ್ಲಿಕೋಟೆ, ಪಾಲಕ್ಕಾಡಿನ ತನಕ ಮಿಶನ್ನಿನ ಕಾರ್ಖಾನೆಗಳು ಎದ್ದವು. ಆಲ್ಬುಕರ್ಕ್ ಮನೆತನದಂಥ ಊರಿನ ಉದ್ಯಮಿಗಳೂ ಕೈಹಾಕಿದರು. ನದಿಯ ಎರಡೂ ದಡಗಳಲ್ಲಿ ಚಿಮಣಿಗಳು ಸಾಲಾಗಿ ನಿಂತವು.

ಹಂಚಿಗೆ ಮಂಗಳೂರೇ ಯಾಕೆ ಅಂತ ಕೇಳಬಹುದು. ನೇತ್ರಾವತಿ, ಗುರುಪುರ ನದಿಗಳ ಬದಿಯಲ್ಲಿ ಒಳ್ಳೆಯ ಜೇಡಿಮಣ್ಣು ಸಿಗುತ್ತಿತ್ತು. ಹಂಚು ಸುಡುವ ಗೂಡಿಗೆ ಬೇಕಾದ ಸೌದೆ ಮೇಲಿನ ಕಾಡುಗಳಿಂದ ದೋಣಿಯಲ್ಲಿ ಇಳಿದು ಬರುತ್ತಿತ್ತು. ತಯಾರಾದ ಹಂಚು ಅದೇ ನೀರಿನ ದಾರಿಯಲ್ಲಿ ಬಂದರಿಗೆ ಹೋಗಿ, ಮಂಜಿ ಎಂಬ ಹಾಯಿಹಡಗುಗಳಲ್ಲಿ ಮುಂಬೈಗೆ, ಇನ್ನೂ ಆಚೆ ಆಫ್ರಿಕಾದ ಪೂರ್ವ ಕರಾವಳಿಗೆ ಹೋಗುತ್ತಿತ್ತು. ಮಂಗಳೂರಿಗೆ ರೈಲು ಬಂದದ್ದೇ 1907ರಲ್ಲಿ. ಅಷ್ಟರಲ್ಲಿ ಹಂಚು ಸಮುದ್ರ ದಾಟಿ ನಾಲ್ಕು ದಶಕವಾಗುತ್ತಾ ಬಂದಿತ್ತು.

ನಿಮ್ಮ ಮುತ್ತಜ್ಜನ ದಿನ ಹೇಗಿದ್ದಿರಬಹುದು? ಕಾರ್ಖಾನೆಯ ಕೂಗು ಕೇಳಿದಾಗ ಏಳುವುದು. ಇನ್ನೊಂದು ಕೂಗಿಗೆ ಗೇಟಿನೊಳಗೆ ಇರಬೇಕು. ತಡವಾದರೆ ಕೂಲಿ ಮುರಿಯುತ್ತಾರೆ. ಮಣ್ಣು ನೆನೆಹಾಕುವವರು, ಹದ ಮಾಡುವವರು, ಮಣ್ಣಿನ ಹಲಗೆ ಕೊಯ್ಯುವವರು, ಅಚ್ಚು ಒತ್ತುವವರು, ಅಂಚು ಸವರುವವರು, ಒಣಗುವ ಅಟ್ಟಕ್ಕೆ ಹೊರುವವರು, ಗೂಡು ತುಂಬುವವರು, ಬೆಂಕಿ ನೋಡುವವರು. ಒಬ್ಬೊಬ್ಬರಿಗೆ ಒಂದೊಂದೇ ಕೆಲಸ. ಊರಿನ ಕುಂಬಾರ ಮಣ್ಣು ತರುವಲ್ಲಿಂದ ಮಡಕೆ ಮಾರುವ ತನಕ ಎಲ್ಲವನ್ನೂ ತಾನೇ ಮಾಡುತ್ತಿದ್ದ. ಇಲ್ಲಿ ಒಬ್ಬ ಇಡೀ ದಿನ ಅಚ್ಚಿನ ಹಿಡಿ ತಿರುಗಿಸುತ್ತಿದ್ದ, ಅಷ್ಟೇ. ಹೊರುವ ಕೆಲಸ ಹೆಚ್ಚಾಗಿ ಹೆಂಗಸರದ್ದು. ತಲೆಯ ಮೇಲೆ ಹಸಿ ಹಂಚು, ಏಣಿ ಮೆಟ್ಟಿಲು, ಗೂಡಿನ ಕಾವು. ಅವರ ಕೂಲಿ ಗಂಡಸರಿಗಿಂತ ಕಡಿಮೆ. ಆ ತಾರತಮ್ಯ ಹೊಲದಿಂದ ಕಾರ್ಖಾನೆಗೆ ಹಾಗೆಯೇ ನಡೆದು ಬಂತು.

ಆದರೆ ಕೂಲಿ ನಾಣ್ಯದಲ್ಲಿ ಬಂತು. ಇಲ್ಲಿ ಸ್ವಲ್ಪ ನಿಲ್ಲಿ. ಭತ್ತದ ಕೂಲಿಯನ್ನು ಬೇಯಿಸಿ ಉಣ್ಣಬಹುದು, ಕೂಡಿಡಲಿಕ್ಕೆ ಆಗುವುದಿಲ್ಲ. ಧಣಿ ಯಾವ ಸೇರಿನಲ್ಲಿ ಅಳೆದರೆ ಅದೇ ಸೇರು. ನಾಣ್ಯಕ್ಕೆ ಅಳತೆ ಎಲ್ಲ ಕಡೆ ಒಂದೇ. ಬಟವಾಡೆಯ ದಿನ ಕೈಗೆ ಬಿದ್ದ ದುಡ್ಡಿನಲ್ಲಿ ಮೀನು ತರುವುದೋ, ಮಗನ ಶಾಲೆಗೆ ಸ್ಲೇಟು ತರುವುದೋ, ಶೇಂದಿ ಅಂಗಡಿಗೆ ಹೋಗುವುದೋ ಅಂತ ಅವನೇ ತೀರ್ಮಾನ ಮಾಡಬಹುದು. ಅವನ ಅಪ್ಪನಿಗೆ ಅಂಥ ಆಯ್ಕೆಯೇ ಇರಲಿಲ್ಲ. ಕೆಲಸ ಬಿಟ್ಟರೆ ಬೇರೆ ಕಾರ್ಖಾನೆ ಪಕ್ಕದಲ್ಲೇ ಇತ್ತು. ಮೇಸ್ತ್ರಿ ಬೈದರೂ ಸಂಜೆ ಕೂಗಿನ ನಂತರ ಅವನು ಮೇಸ್ತ್ರಿಯ ಆಳಲ್ಲ. ಧಣಿಯಾದರೆ ರಾತ್ರಿಯೂ ಧಣಿಯೇ.

ಇನ್ನೊಂದು ಮಾತು. ಕಾರ್ಖಾನೆ ಬೆಳೆದ ಹಾಗೆ ಒಂದೇ ಚಾವಣಿಯ ಕೆಳಗೆ ಬೇರೆ ಬೇರೆ ಜಾತಿ ಮತದವರು ಕೂಡಿದರು. ಗದ್ದೆಯ ಬದುವಿನಲ್ಲಿ ಯಾರು ಎಷ್ಟು ದೂರ ನಿಲ್ಲಬೇಕು ಎಂಬ ಲೆಕ್ಕ ಇತ್ತು. ಹಂಚು ಕೈಯಿಂದ ಕೈಗೆ ದಾಟಿಸುವಾಗ ಆ ದೂರ ಇಟ್ಟುಕೊಳ್ಳುವುದು ಹೇಗೆ? ಜಾತಿ ಹೋಯಿತು ಅಂತ ನಾನು ಹೇಳುವುದಿಲ್ಲ. ಊಟದ ಬುತ್ತಿ ಬಿಚ್ಚುವಾಗ, ಮದುವೆ ಮಾತು ಬಂದಾಗ ಅದು ಮತ್ತೆ ಬರುತ್ತಿತ್ತು. ಆದರೆ ದಿನದ ಹತ್ತು ಗಂಟೆ ಅದು ಸಡಿಲವಾಯಿತು. ಸಂಘ ಕಟ್ಟುವ ಕಾಲ ಬಂದಾಗ ಈ ಹತ್ತು ಗಂಟೆ ಉಪಯೋಗಕ್ಕೆ ಬಂತು. ಸ್ವಾತಂತ್ರ್ಯದ ಹಿಂದುಮುಂದಿನ ದಶಕಗಳಲ್ಲಿ ಹಂಚು, ಗೇರುಬೀಜ, ಬೀಡಿ ಕೆಲಸಗಾರರ ಸಂಘಗಳು ಮಂಗಳೂರಿನಲ್ಲಿ ಗಟ್ಟಿಯಾಗಿ ನಿಂತದ್ದು ಹೀಗೆ.

ಹಂಚು ಮಾಡಿದವರ ಬದುಕಷ್ಟೇ ಅಲ್ಲ, ಹಂಚು ಹೊದೆಸಿದವರ ಬದುಕೂ ಬದಲಾಯಿತು. ಇದನ್ನು ಯಾರೂ ಅಷ್ಟಾಗಿ ಬರೆಯುವುದಿಲ್ಲ. ಮುಳಿಹುಲ್ಲಿನ ಮಾಡಿಗೆ (ಚಾವಣಿಗೆ) ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಹೊಸ ಹುಲ್ಲು ಬೇಕು. ಅದು ಒಬ್ಬನ ಕೆಲಸ ಅಲ್ಲ. ಇವತ್ತು ನಮ್ಮ ಮನೆಗೆ ನೆರೆಯವರು ಬರುತ್ತಾರೆ, ನಾಳೆ ನಾವು ಅವರ ಮನೆಗೆ ಹೋಗುತ್ತೇವೆ. ಹುಲ್ಲು, ಬಳ್ಳಿ, ಮಡಲು ಹೊರುವುದು, ಮಧ್ಯಾಹ್ನ ಒಟ್ಟಿಗೆ ಊಟ. ಹಂಚು ಬಂದ ಮೇಲೆ ಮನೆಗೆ ಬೆಂಕಿಯ ಭಯ ಕಡಿಮೆಯಾಯಿತು, ಸೋರುವುದು ನಿಂತಿತು. ಒಡೆದ ಒಂದೆರಡು ಹಂಚು ಬದಲಿಸಿದರೆ ಆಯಿತು. ಆದರೆ ವರ್ಷಕ್ಕೊಮ್ಮೆ ನೆರೆಯವರು ಮಾಡಿನ ಮೇಲೆ ಹತ್ತಿ ಕೂರುವ ಆ ದಿನವೂ ನಿಂತಿತು. ಲಾಭ ದೊಡ್ಡದು, ಅದರಲ್ಲಿ ಸಂಶಯವಿಲ್ಲ. ಕಳೆದುಹೋದದ್ದನ್ನೂ ಬರೆದಿಡಬೇಕು ಅಂತ ನನಗೆ ಅನಿಸುತ್ತದೆ.

ಈಗ ಕೈಗೆ ಬಂದ ದುಡ್ಡಿನ ಕಥೆ ಮನೆಯೊಳಗೆ ಏನು ಮಾಡಿತು ನೋಡೋಣ. ತುಳುನಾಡಿನ ಬಹಳ ಸಮುದಾಯಗಳಲ್ಲಿ ಅಳಿಯ ಸಂತಾನ ಕಟ್ಟು ಇತ್ತು. ಆಸ್ತಿ ತಾಯಿಯ ಕಡೆಯಿಂದ ಇಳಿಯುತ್ತದೆ. ಗಂಡಸು ತನ್ನ ಮಕ್ಕಳಿಗಿಂತ ಜಾಸ್ತಿ ಅಕ್ಕತಂಗಿಯರ ಮಕ್ಕಳಿಗೆ ಹೊಣೆ. ಗದ್ದೆಯೇ ಆಸ್ತಿಯಾಗಿದ್ದಾಗ ಇದು ನಡೆಯುತ್ತಿತ್ತು. ಗದ್ದೆ ಕುಟುಂಬದ್ದು, ಎಲ್ಲರೂ ಅದರಲ್ಲೇ ಉಣ್ಣುವವರು. ಆದರೆ ಒಬ್ಬ ಹುಡುಗ ಮುಂಬೈಗೆ ಹೋಗಿ ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿಶಾಲೆಯಲ್ಲಿ ಓದಿ, ಗುಮಾಸ್ತನಾಗಿ ಸಂಬಳ ತಂದರೆ ಆ ಸಂಬಳ ಯಾರದ್ದು? ಕುಟುಂಬದ್ದಾ? ಅವನ ಹೆಂಡತಿ ಮಕ್ಕಳದ್ದಾ? ಈ ಪ್ರಶ್ನೆ ನೂರಾರು ಮನೆಗಳಲ್ಲಿ ಜಗಳವಾಯಿತು, ಕೋರ್ಟಿಗೂ ಹೋಯಿತು. ಕೊನೆಗೆ 1949ರ ಮದ್ರಾಸ್ ಅಳಿಯ ಸಂತಾನ ಕಾಯ್ದೆ ಕುಟುಂಬದ ಆಸ್ತಿ ಪಾಲು ಮಾಡಿಕೊಳ್ಳಲು ದಾರಿ ತೆರೆಯಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಆ ದಾರಿಯನ್ನು ಇನ್ನಷ್ಟು ಅಗಲ ಮಾಡಿತು. ಕಾಯ್ದೆ ಒಂದೇ ದಿನದಲ್ಲಿ ಹುಟ್ಟಿದ್ದಲ್ಲ. ತಿಂಗಳ ಸಂಬಳ ಎಂಬ ಹೊಸ ವಸ್ತು ಹಳೆಯ ಮನೆಯ ಗೋಡೆಯನ್ನು ಮೊದಲೇ ಬಿರುಕು ಬಿಡಿಸಿತ್ತು.

ಗಂಡಸರು ಮುಂಬೈಗೆ ಹೋದದ್ದನ್ನು ಹೇಳಿದೆನಲ್ಲ, ಅದೂ ನಮ್ಮ ಕೈಗಾರಿಕೀಕರಣದ ಭಾಗವೇ. ಕೈಗಾರಿಕೆ ಅಲ್ಲಿ, ಅದರ ಪರಿಣಾಮ ಇಲ್ಲಿ. ಮುಂಬೈಯ ಗಿರಣಿ ಕೆಲಸಗಾರರಿಗೆ ಇಡ್ಲಿ, ಚಹಾ ಕೊಟ್ಟ ಉಡುಪಿ ಹೋಟೆಲುಗಳ ದುಡ್ಡು ಮನಿಯಾರ್ಡರಾಗಿ ಕುಂದಾಪುರ, ಕಾರ್ಕಳ, ಕಾಪುಗಳಿಗೆ ಬರುತ್ತಿತ್ತು.

ಈಗ ನಿಮ್ಮ ಅಜ್ಜಿಯ ಕಡೆ ಬರುತ್ತೇನೆ. ಇಂಗ್ಲೆಂಡಿನ ಕಥೆಯನ್ನು ಇಲ್ಲಿ ಪಕ್ಕಕ್ಕೆ ಇಟ್ಟುಕೊಳ್ಳಿ, ಉಪಯೋಗವಾಗುತ್ತದೆ. ಗಿರಣಿ ಬರುವ ಮೊದಲು ಅಲ್ಲಿಯೂ ನೂಲುವುದು, ನೇಯುವುದು ಮನೆಗಳಲ್ಲೇ ನಡೆಯುತ್ತಿತ್ತು. ವ್ಯಾಪಾರಿ ಹತ್ತಿ ತಂದು ಕೊಡುತ್ತಿದ್ದ, ನೂಲು ಕೊಂಡೊಯ್ಯುತ್ತಿದ್ದ, ತೂಕ ನೋಡಿ ದುಡ್ಡು ಕೊಡುತ್ತಿದ್ದ. 1771ರಲ್ಲಿ ರಿಚರ್ಡ್ ಆರ್ಕ್‌ರೈಟ್ ಕ್ರಾಮ್‌ಫರ್ಡ್‌ನಲ್ಲಿ ನೀರಿನ ಬಲದಿಂದ ನಡೆಯುವ ನೂಲಿನ ಗಿರಣಿ ಶುರು ಮಾಡಿದ. ಕೆಲಸ ಮನೆಯಿಂದ ಗಿರಣಿಗೆ ಹೋಯಿತು. ಹೆಂಗಸರು, ಮಕ್ಕಳು ಅದರ ಹಿಂದೆ ಹೋದರು. ಮಕ್ಕಳ ಪಾಡು ನೋಡಲಾರದೆ 1833ರಲ್ಲಿ ಕಾಯ್ದೆ ತಂದರು. ಬಟ್ಟೆ ಗಿರಣಿಯಲ್ಲಿ ಒಂಬತ್ತು ವರ್ಷಕ್ಕಿಂತ ಚಿಕ್ಕವರನ್ನು ದುಡಿಸಬಾರದು, ಒಂಬತ್ತರಿಂದ ಹದಿಮೂರರ ಒಳಗಿನವರಿಗೆ ದಿನಕ್ಕೆ ಒಂಬತ್ತು ಗಂಟೆಗಿಂತ ಜಾಸ್ತಿ ಕೆಲಸ ಕೊಡಬಾರದು. ನೋಡಲಿಕ್ಕೆ ಇನ್‌ಸ್ಪೆಕ್ಟರುಗಳನ್ನು ನೇಮಿಸಿದರು. ಇನ್‌ಸ್ಪೆಕ್ಟರ್ ಬಂದು ನೋಡಲು ಅಲ್ಲಿ ಒಂದು ಗೇಟು ಇತ್ತು, ಅದನ್ನು ನೆನಪಿಡಿ.

ಬೀಡಿಯಲ್ಲಿ ನಡೆದದ್ದು ಇದರ ತಿರುಗುಮುರುಗು. ಮೊದಮೊದಲು ಕಂಪೆನಿಯ ಶೆಡ್ಡುಗಳಲ್ಲಿ, ಬ್ರಾಂಚುಗಳಲ್ಲಿ (ಎಲೆ ಕೊಟ್ಟು ಬೀಡಿ ತೆಗೆದುಕೊಳ್ಳುವ ಜಾಗಗಳಲ್ಲಿ) ಸಾಲಾಗಿ ಕೂತು ಬೀಡಿ ಕಟ್ಟುವ ಗಂಡಸರು ತುಂಬ ಇದ್ದರು. ಕಣ್ಣೂರಿನ ಕಡೆ ಒಬ್ಬರು ಪೇಪರು ಗಟ್ಟಿಯಾಗಿ ಓದುವುದು, ಉಳಿದವರು ಕಟ್ಟುತ್ತಾ ಕೇಳುವುದು ರೂಢಿಯಾಗಿತ್ತು. 1966ರಲ್ಲಿ ಬೀಡಿ ಮತ್ತು ಸಿಗಾರ್ ಕೆಲಸಗಾರರ ಕಾಯ್ದೆ ಬಂತು. ಕೆಲಸದ ಜಾಗಕ್ಕೆ ಗಾಳಿ ಬೆಳಕು ಬೇಕು, ರಜೆ ಬೇಕು, ಗಂಟೆಗೆ ಮಿತಿ ಬೇಕು ಅಂದಿತು. ಕೇರಳ ಅದನ್ನು ಜಾರಿಗೆ ತರಹೊರಟಾಗ ಮಂಗಳೂರು ಕಡೆಯ ಮಾಲೀಕರು ಕಣ್ಣೂರಿನ ಕೆಲಸ ನಿಲ್ಲಿಸಿದರು. ಕೆಲಸ ಕಳೆದುಕೊಂಡವರು 1969ರಲ್ಲಿ ದಿನೇಶ್ ಬೀಡಿ ಎಂಬ ಸಹಕಾರಿ ಸಂಘ ಕಟ್ಟಿಕೊಂಡರು. ನಮ್ಮಲ್ಲಿ ಹಾಗೆ ಆಗಲಿಲ್ಲ. ಇಲ್ಲಿ ಬೀಡಿ ಶೆಡ್ಡಿನಿಂದ ಎದ್ದು ಮನೆಗಳ ಜಗಲಿಗೆ ಬಂತು, ಹೆಂಗಸರ ಮಡಿಲಿಗೆ ಬಂತು. ಇಂಗ್ಲೆಂಡಿನಲ್ಲಿ ಕೆಲಸ ಮನೆಯಿಂದ ಗಿರಣಿಗೆ ಹೋದರೆ, ಇಲ್ಲಿ ಕಾರ್ಖಾನೆಯೇ ಮನೆಗೆ ನುಗ್ಗಿತು. ಗೇಟು ಇಲ್ಲ, ಕೂಗು ಇಲ್ಲ, ಬಂದು ನೋಡುವವರೂ ಇಲ್ಲ.

ಆದ್ದರಿಂದ ಅಜ್ಜಿಯ ಕೆಲಸ ಹೊರಗಿನವರಿಗೆ ಕೈಗಾರಿಕೆಯ ಹಾಗೆ ಕಾಣುವುದಿಲ್ಲ. ಮನೆಯಲ್ಲಿ ಸುಮ್ನೆ ಕೂತು ಬೀಡಿ ಕಟ್ಟುತ್ತಾರೆ ಅನ್ನುತ್ತಾರೆ. ಆ ಸುಮ್ನೆ ಎಂಬ ಮಾತು ಕೇಳಿದಾಗಲೆಲ್ಲ ನನಗೆ ನೋವಾಗುತ್ತದೆ. ಎಲೆ ಮಧ್ಯಪ್ರದೇಶ, ಒಡಿಶಾದ ಕಾಡುಗಳಿಂದ ಬರುತ್ತದೆ. ಹೊಗೆಸೊಪ್ಪು ನಿಪ್ಪಾಣಿ, ಗುಜರಾತಿನಿಂದ. ಕಂಪೆನಿ ತೂಗಿ ಕಂಟ್ರಾಕ್ಟರಿಗೆ ಕೊಡುತ್ತದೆ. ಅವನು ಬ್ರಾಂಚಿನಲ್ಲಿ ತೂಗಿ ಹೆಂಗಸರಿಗೆ ಕೊಡುತ್ತಾನೆ. ಎಲೆಯನ್ನು ರಾತ್ರಿ ನೆನೆಹಾಕಬೇಕು, ಅಳತೆಗೆ ಕತ್ತರಿಸಬೇಕು, ಹೊಗೆಸೊಪ್ಪು ಇಟ್ಟು ಸುರುಳಿ ಸುತ್ತಬೇಕು, ನೂಲು ಬಿಗಿಯಬೇಕು, ತುದಿ ಮಡಚಬೇಕು. ಇಪ್ಪತ್ತೈದಕ್ಕೆ ಒಂದು ಕಟ್ಟು. ಲೆಕ್ಕ ಸಾವಿರಕ್ಕೆ. ಬ್ರಾಂಚಿನಲ್ಲಿ ಸರಿ ಇಲ್ಲ ಅಂತ ಎಸೆದ ಬೀಡಿಗೆ ದುಡ್ಡಿಲ್ಲ. ಎಲೆ ಹಾಳಾಗಿ ಕಡಿಮೆ ಬಿದ್ದರೆ ಕೈಯಿಂದ ಹಾಕಬೇಕು. ಜೆಪ್ಪುವಿನ ಕಾರ್ಖಾನೆಯಲ್ಲಿದ್ದ ಕೆಲಸದ ಹಂಚಿಕೆ, ತುಂಡಿನ ಲೆಕ್ಕ, ಮೇಸ್ತ್ರಿಯ ಕಣ್ಣು ಎಲ್ಲವೂ ಇಲ್ಲಿವೆ. ಕಾರ್ಖಾನೆಯ ಗೋಡೆ ಮಾತ್ರ ಇಲ್ಲ. ಗೋಡೆಯ ಖರ್ಚು, ದೀಪದ ಖರ್ಚು, ಕೂರುವ ಚಾಪೆಯ ಖರ್ಚು ಕಂಪೆನಿಗೆ ಉಳಿಯಿತು.

ದಿನದ ಹೊತ್ತೂ ಬೇರೆಯಾಯಿತು. ನಿಮ್ಮ ಮುತ್ತಜ್ಜನ ದಿನಕ್ಕೆ ಕೊನೆಯ ಕೂಗು ಒಂದಿತ್ತು. ಅಜ್ಜಿಯ ದಿನಕ್ಕೆ ಕೊನೆಯ ಕೂಗು ಇರಲಿಲ್ಲ. ಒಲೆಯ ಮೇಲೆ ಅನ್ನ ಕುದಿಯುವಾಗ ನಾಲ್ಕು ಬೀಡಿ, ಮಗು ಮಲಗಿದಾಗ ನಲವತ್ತು, ನೆರೆಯವಳ ಜೊತೆ ಮಾತಾಡುತ್ತಾ ಇನ್ನು ನೂರು. ಮದುವೆ ಮನೆಗೆ ಹೋಗಬೇಕಾದರೆ ಹಿಂದಿನ ರಾತ್ರಿ ಕೂತು ಸಾವಿರ ಮುಗಿಸಬೇಕು. ಶಾಲೆಯಿಂದ ಬಂದ ಮಕ್ಕಳು ತುದಿ ಮಡಚಲು ಕೂರುತ್ತಿದ್ದರು. ಎಷ್ಟೋ ಹುಡುಗಿಯರು ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ತಡ್ಪೆ ಹಿಡಿದರು. 1833ರ ಇಂಗ್ಲೆಂಡಿನ ಮಕ್ಕಳನ್ನು ಪುಸ್ತಕದಲ್ಲಿ ಓದಿ ನೀವು ಮರುಗಿದಿರಲ್ಲ, ನಮ್ಮ ಜಗಲಿಯ ಮಕ್ಕಳು ಯಾವ ಪುಸ್ತಕಕ್ಕೂ ಬರಲಿಲ್ಲ. ಬೆನ್ನುನೋವು, ಕೆಮ್ಮು, ಹೊಗೆಸೊಪ್ಪಿನ ಘಾಟು ಹೆಂಗಸರ ಮೈಯಲ್ಲಿ ಉಳಿದವು.

ಇಷ್ಟು ಹೇಳಿ ನಿಲ್ಲಿಸಿದರೆ ಅಜ್ಜಿಗೆ ಅನ್ಯಾಯ ಮಾಡಿದ ಹಾಗೆ. ಯಾಕೆಂದರೆ ನನ್ನ ಎರಡನೇ ಪ್ರಶ್ನೆ, ಕೂಲಿ ಯಾರ ಕೈಗೆ ಬಂತು? ವಾರಕ್ಕೊಮ್ಮೆ ಬ್ರಾಂಚಿನಲ್ಲಿ ಲೆಕ್ಕ ಹಾಕಿ ಅಜ್ಜಿಯ ಕೈಗೆ ದುಡ್ಡು ಬಂತು. ಗದ್ದೆಯಲ್ಲಿ ದುಡಿದ ಅವಳ ಅಮ್ಮನಿಗೆ ಅಕ್ಕಿ ಸಿಗುತ್ತಿತ್ತು, ಅದು ನೇರ ಅಡುಗೆಮನೆಗೆ ಹೋಗಿ ಎಲ್ಲರ ಹೊಟ್ಟೆ ಸೇರುತ್ತಿತ್ತು. ಅಜ್ಜಿಯ ದುಡ್ಡು ಸೀರೆಯ ಸೆರಗಿನ ಗಂಟಿಗೆ ಹೋಯಿತು, ಚೀಟಿಗೆ ಹೋಯಿತು, ಸೊಸೈಟಿಗೆ ಹೋಯಿತು. ಒಂದು ಜೊತೆ ಬೆಂಡೋಲೆ, ಮಗಳ ಕಾಲೇಜು ಫೀಸು, ಮನೆಗೆ ಸಿಮೆಂಟಿನ ನೆಲ. ಗಂಡನ ಕುಡಿತದ ಮಧ್ಯೆಯೂ ಮನೆ ನಡೆದದ್ದು ಬೀಡಿ ದುಡ್ಡಿನಿಂದ ಅಂತ ಹೇಳುವ ಎಷ್ಟೋ ಮಕ್ಕಳು ನನ್ನ ತರಗತಿಯಲ್ಲೇ ಇದ್ದರು. ಹೊರಗಿನ ಕೆಲಸಕ್ಕೆ ಹೋಗಲು ಮನೆಯವರು ಬಿಡದ, ಬುರ್ಖಾ ತೊಡುವ ಹೆಂಗಸರೂ, ಕೈಕೂಸು ಇದ್ದವರೂ, ವಿಧವೆಯರೂ ದುಡಿಯಲು ಸಾಧ್ಯವಾದದ್ದು ಕೆಲಸ ಮನೆಗೆ ಬಂದದ್ದರಿಂದಲೇ. ಕಾಯ್ದೆಯಿಂದ ಪ್ರಾವಿಡೆಂಟ್ ಫಂಡ್ ಬಂತು. 1976ರ ಕಲ್ಯಾಣ ನಿಧಿ ಕಾಯ್ದೆಯಿಂದ ಮಕ್ಕಳಿಗೆ ಸ್ಕಾಲರ್‌ಶಿಪ್ ಬಂತು. ಬೀಡಿ ಕೆಲಸಗಾರರ ಗುರುತಿನ ಕಾರ್ಡು ಸಿಕ್ಕಿದವರಿಗೆ ಮಾತ್ರ ಅನ್ನಿ. ಕಾರ್ಡು ಅತ್ತೆಯ ಹೆಸರಿನಲ್ಲಿ, ಕಟ್ಟುವವಳು ಸೊಸೆ, ಇಂಥ ಮನೆಗಳೂ ಬಹಳ ಇದ್ದವು. ಅಲ್ಲಿ ದುಡ್ಡು ಯಾರ ಕೈಗೆ ಹೋಗುತ್ತಿತ್ತು ಅಂತ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

1974ರಲ್ಲಿ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದು ನಮ್ಮ ಜಿಲ್ಲೆಯ ಸಾವಿರಾರು ಒಕ್ಕಲುಗಳಿಗೆ ಜಾಗ ಸ್ವಂತವಾಯಿತು. ಅದೇ ಕಾಲಕ್ಕೆ ಬೀಡಿಯೂ ಹಳ್ಳಿಹಳ್ಳಿಗೆ ಹರಡಿತ್ತು. ಈ ಎರಡನ್ನೂ ಒಟ್ಟಿಗೆ ನೋಡಬೇಕು. ಜಾಗದಿಂದ ಧಣಿಯ ಹಿಡಿತ ಹೋಯಿತು. ಬೀಡಿಯಿಂದ ಆಟಿಯ ಹಸಿವು ಹೋಯಿತು. ಮಳೆಗಾಲದಲ್ಲಿ ಗದ್ದೆ ಕೆಲಸ ನಿಂತರೂ ಬ್ರಾಂಚು ತೆರೆದಿರುತ್ತಿತ್ತು.

ಗೇರುಬೀಜದ ಕಾರ್ಖಾನೆಯದ್ದು ಇವೆರಡರ ನಡುವಿನ ಕಥೆ. ಅಲ್ಲಿ ಗೇಟು ಇತ್ತು, ಒಳಗೆ ಇದ್ದವರು ಹೆಚ್ಚುಕಡಿಮೆ ಎಲ್ಲ ಹೆಂಗಸರೇ. ಬೀಜ ಒಡೆಯುವಾಗ ಸಿಪ್ಪೆಯ ಎಣ್ಣೆ ತಾಗಿ ಬೆರಳು ಸುಡುತ್ತದೆ, ಕಪ್ಪಾಗುತ್ತದೆ. ಬೂದಿ ಹಚ್ಚಿಕೊಂಡು ಒಡೆಯುತ್ತಿದ್ದರು. ಗ್ರೇಡಿಂಗಿನವರು ಬರೀ ಕಣ್ಣಳತೆಯಲ್ಲಿ ಡಬ್ಲ್ಯೂ 240, ಡಬ್ಲ್ಯೂ 320 ಅಂತ ಬೇರೆ ಮಾಡುತ್ತಿದ್ದರು. 320 ಅಂದರೆ ಒಂದು ಪೌಂಡಿಗೆ ಸುಮಾರು ಅಷ್ಟು ಬೀಜ. ಅಮೆರಿಕದ ಮೇಜಿಗೆ ಹೋಗುವ ಬೀಜವನ್ನು ವಿಂಗಡಿಸುವವಳ ಕೈ ನೋಡಿ ಮದುವೆ ಮಾತು ಮುರಿದದ್ದೂ ಉಂಟು.

ಗಂಡಸರ ಸಮುದ್ರದ ಕೆಲಸಕ್ಕೆ ಯಂತ್ರ ಬಂದದ್ದು ಬೇರೆ ರೀತಿ. ಉಡುಪಿಯವರಿಗೆ ಇದು ಚೆನ್ನಾಗಿ ಗೊತ್ತಿರುತ್ತದೆ. ರಂಪಣಿ ಅಂತ ಒಂದು ಬಹಳ ದೊಡ್ಡ ಬಲೆ ಇತ್ತು. ದೋಣಿಯಲ್ಲಿ ಹೋಗಿ ಮೀನಿನ ಹಿಂಡಿಗೆ ಸುತ್ತು ಹಾಕಿ, ಎರಡು ತುದಿಗಳನ್ನು ದಡದಿಂದ ಹತ್ತಾರು ಜನ ಎಳೆಯುವುದು. ಬಲೆಯ ತುಂಡುಗಳೇ ಬೇರೆ ಬೇರೆ ಮನೆಯವು, ಬಂದದ್ದರಲ್ಲಿ ಪಾಲು. ಬಂಗುಡೆ, ಬೂತಾಯಿ ರಾಶಿ ಬಿದ್ದ ದಿನ ಹಗ್ಗಕ್ಕೆ ಕೈ ಕೊಟ್ಟ ಯಾರೂ ಬರಿಗೈಯಲ್ಲಿ ಹೋಗುತ್ತಿರಲಿಲ್ಲ. 1970ರ ದಶಕದ ನಡುವಿನಲ್ಲಿ ಪರ್ಸೀನ್ ಎಂಬ ಸುತ್ತುಬಲೆಯ ಯಂತ್ರದ ಬೋಟುಗಳು ಬಂದವು. ಮೀನು ದಡಕ್ಕೆ ಬರುವ ತನಕ ಕಾಯುವುದು ನಿಂತಿತು, ಬೋಟೇ ಮೀನನ್ನು ಹುಡುಕಿ ಹೋಯಿತು. ಕೆಲವೇ ವರ್ಷಗಳಲ್ಲಿ ರಂಪಣಿ ಸೋತಿತು. ಪಾಲುದಾರನಾಗಿದ್ದವನು ಬೋಟಿನ ಕೆಲಸಗಾರನಾದ. ಬೋಟಿಗೆ ಸಾಲ, ಡೀಸೆಲ್, ಐಸ್, ಮಾಲೀಕ. ಈಗ ಮಲ್ಪೆಯ ಬೋಟುಗಳಲ್ಲಿ ದುಡಿಯುವವರಲ್ಲಿ ಒಡಿಶಾ, ಜಾರ್ಖಂಡ್, ಆಂಧ್ರದ ಹುಡುಗರು ಎಷ್ಟೋ ಜನ. ನಮ್ಮ ಹುಡುಗರು ಒಂದು ಕಾಲಕ್ಕೆ ಮುಂಬೈಗೆ ಹೋದ ಹಾಗೆ ಅವರು ಇಲ್ಲಿಗೆ ಬಂದಿದ್ದಾರೆ. ನನಗೆ ರಂಪಣಿ ಹೋದದ್ದು ಹಂಚಿನ ಕಾರ್ಖಾನೆ ಮುಚ್ಚಿದ್ದಕ್ಕಿಂತ ದೊಡ್ಡ ನಷ್ಟ. ಕಾರ್ಖಾನೆ ಹೋದಾಗ ಕೆಲಸ ಹೋಯಿತು. ರಂಪಣಿ ಹೋದಾಗ ಪಾಲು ಎಂಬುದೇ ಹೋಯಿತು.

ಉಡುಪಿಯ ಇನ್ನೊಂದು ವಿಷಯ ಬಿಡಲಾರೆ. ಮಿಲ್ ಬಟ್ಟೆಯ ಹೊಡೆತಕ್ಕೆ ಕೈಮಗ್ಗದವರು ಸೋತಾಗ, ಅವರಿಗೆ ಸಾಲ ಕೊಡಲು 1925ರಲ್ಲಿ ಡಾ. ಟಿ.ಎಂ.ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವ ಸೇರಿ ಒಂದು ಬ್ಯಾಂಕು ಕಟ್ಟಿದರು. ಅದೇ ಮುಂದೆ ಸಿಂಡಿಕೇಟ್ ಬ್ಯಾಂಕ್. 1928ರಲ್ಲಿ ಪಿಗ್ಮಿ ಠೇವಣಿ ತಂದರು. ಏಜೆಂಟ್ ದಿನಾ ಮನೆ ಬಾಗಿಲಿಗೆ ಬಂದು ಎರಡಾಣೆ ತೆಗೆದುಕೊಂಡು ಹೋಗುವುದು. ಧಣಿಯ ಸೇರಿನಲ್ಲಿ ಅಳೆಸಿಕೊಳ್ಳುತ್ತಿದ್ದ ಜನರ ಕೈಯಲ್ಲಿ ದಿನಾ ಉಳಿಸಬಹುದಾದ ಎರಡಾಣೆ ಇತ್ತು ಅನ್ನುವುದೇ ಒಂದು ಕ್ರಾಂತಿ.

ಪಣಂಬೂರಿನ ಬಂದರು, ರಸಗೊಬ್ಬರ ಕಾರ್ಖಾನೆ, ಆಮೇಲಿನ ತೈಲ ಶುದ್ಧೀಕರಣ ಘಟಕ ಇವನ್ನು ನೀವು ಕೇಳಿಲ್ಲ. ಒಂದೇ ಮಾತು ಹೇಳುತ್ತೇನೆ. 1970ರ ದಶಕದಿಂದ ಬಂದ ಈ ದೊಡ್ಡ ಕೈಗಾರಿಕೆಗಳಿಗೆ ಊರಿನ ಕೈಗಳಿಗಿಂತ ಊರಿನ ಜಾಗ ಜಾಸ್ತಿ ಬೇಕಾಗಿತ್ತು. ಹಂಚಿಗೆ ಮತ್ತು ಬೀಡಿಗೆ ಬೇಕಾಗಿದ್ದದ್ದು ಕೈ. ಆದ್ದರಿಂದ ಅವು ಒಂದೊಂದು ಮನೆಯೊಳಗೂ ಹೊಕ್ಕವು.

ಈಗ ನಿಮ್ಮ ಪ್ರಾಜೆಕ್ಟಿಗೆ. ಹಳೆಯ ಮನೆ ಇದ್ದರೆ ಮಾಡಿನಿಂದ ಒಂದು ಹಂಚು ಇಳಿಸಿ ಮಗುಚಿ ನೋಡಿ. ಕಾರ್ಖಾನೆಯ ಹೆಸರು, ಊರು, ಕೆಲವದರಲ್ಲಿ 1865 ಎಂಬ ಇಸವಿ ಅಚ್ಚಾಗಿರುತ್ತದೆ. ಅದರ ಫೋಟೋ ಹಾಕಿ. ಆಮೇಲೆ ಅಜ್ಜಿಯ ಹತ್ತಿರ ಕೂತುಕೊಳ್ಳಿ. ಬೀಡಿ ಕಟ್ಟಲು ಕಲಿಸಿದವರು ಯಾರು, ಎಷ್ಟನೇ ವಯಸ್ಸಿಗೆ, ಬ್ರಾಂಚು ಎಷ್ಟು ದೂರ, ವಾರಕ್ಕೆ ಎಷ್ಟು ಎಸೆಯುತ್ತಿದ್ದರು, ಕಾರ್ಡು ಯಾರ ಹೆಸರಿನಲ್ಲಿತ್ತು ಅಂತ ಕೇಳಿ. ಲೆಕ್ಕದ ಪುಸ್ತಕ ಪೆಟ್ಟಿಗೆಯ ತಳದಲ್ಲಿ ಇದ್ದರೂ ಇರಬಹುದು, ತೆಗೆಸಿ. ಕೊನೆಗೆ ಮೊದಲ ಸಲ ತನ್ನ ದುಡ್ಡಿನಲ್ಲಿ, ಯಾರನ್ನೂ ಕೇಳದೆ, ಏನು ತಂದರು ಅಂತ ಕೇಳಿ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ, ತುಳುವಿನಲ್ಲಿ ಹೇಳಿದರೆ ತುಳುವಿನಲ್ಲೇ ಬರೆದುಕೊಳ್ಳಿ.